ದರ್ಜಿ ಅಜ್ಜಿಯ ಕಠಾರಿ

ಅಂಗಡಿಯ ಹಿಂದಿನ ಕೋಣೆಗೆ ಆ ನಾತ ಬಂದು ಆರು ತಿಂಗಳಾಗಿತ್ತು. ಇಲಿ ಸತ್ತ ನಾತವಾದರೆ ವಾರದಲ್ಲಿ ತೀರುತ್ತದೆ, ಮೋರಿಯದಾದರೆ ನಾಲ್ಕು ಬಕೆಟ್ ನೀರಿಗೆ ಬಗ್ಗುತ್ತದೆ. ಇದು ಯಾವುದಕ್ಕೂ ಬಗ್ಗದ ಜಾತಿ. ಬೆಳಗ್ಗೆ ಬೀಗ ತೆಗೆದರೆ ಎದುರಿಗೇ ನಿಂತಿರುತ್ತಿತ್ತು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಪಕ್ಕದಲ್ಲೇ ಕೂತಿರುತ್ತಿತ್ತು, ಸಂಜೆ ಬಟ್ಟೆಗೆ ಅಂಟಿಕೊಂಡು ಮನೆಗೂ ಬರುತ್ತಿತ್ತು.

ಆ ಕೋಣೆ ತುಕ್ಕಕ್ಕನದು. ಹೆತ್ತವರಿಟ್ಟ ಹೆಸರೊಂದು ಇತ್ತು ನಿಜ. ಆದರೆ ಮೂವತ್ತು ವರ್ಷದಿಂದ ಹಳೆಯ ಕತ್ತಿ, ಕಠಾರಿ, ಬೀಗ, ತಕ್ಕಡಿಗಳ ತುಕ್ಕು ಬಿಡಿಸುತ್ತ ಕೂತವಳನ್ನು ಬೀದಿಯವರು ಇನ್ನೇನೆಂದು ಕರೆದಾರು? ಅವಳ ಅಪ್ಪನೂ ಇದೇ ಮೇಜಿನ ಮುಂದೆ ಇದೇ ಕೆಲಸ ಮಾಡಿದವನು. ಸಾಯುವ ತನಕ ಒಂದೇ ಪಾಠ ಹೇಳಿದ: ಮೊದಲು ಮೂಸು, ಆಮೇಲೆ ನೋಡು, ಕೈ ತೊಳೆದು ಕೊನೆಗೆ ಮುಟ್ಟು. ಕಣ್ಣಿಗೆ ಯಾರು ಬೇಕಾದರೂ ಮಂಕುಬೂದಿ ಎರಚಬಹುದು, ಮೂಗಿಗೆ ಎರಚುವುದು ಕಷ್ಟ. ಇನ್ನು ಕೈ ತೊಳೆಯುವುದು ಯಾಕೆಂದರೆ, ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಇಂದು ಮುಟ್ಟಿದ ಬೆರಳಿನ ಗುರುತು ತಿಂಗಳಾದ ಮೇಲೆ ತುಕ್ಕಾಗಿ ಏಳುತ್ತದೆ.

ಹಾಗಾಗಿ ತುಕ್ಕಕ್ಕನ ಮೂಗು ಆ ಬೀದಿಯಲ್ಲಿ ಹೆಸರುವಾಸಿ. ಬಾಗಿಲಲ್ಲಿ ನಿಂತವನ ಕೈಯ ಕತ್ತಿಗೆ ಯಾವ ಎಣ್ಣೆ ಹಚ್ಚಿದ್ದಾರೆಂದು ಮೇಜಿನಿಂದಲೇ ಹೇಳುತ್ತಿದ್ದಳು. ಅಂಥವಳಿಗೆ ತನ್ನ ಕೋಣೆಯ ಹಿಂದಿನ ನಾತ ಯಾವುದೆಂದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಗೊತ್ತಾಗಿತ್ತು. ಕೊಳೆತ ಮೀನು, ಹುಳಿತ ಉಚ್ಚೆ, ಸಗಣಿ, ಎಲ್ಲದರ ಮೇಲೆ ಗಂಟಲು ಕೆರೆಯುವ ಬ್ಯಾಟರಿ ಆಸಿಡ್. ಮೊದಲ ದಿನವೇ ಮೂಗು ಒಂದೊಂದಾಗಿ ಲೆಕ್ಕ ಒಪ್ಪಿಸಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ.

"ಮೋರಿ ಕಟ್ಕೊಂಡಿದೆ ಕಣೇ, ಹೇಳಿ ಕಳಿಸಿದೀನಿ, ಬಂದು ನೋಡ್ತಾರೆ," ಎಂದಿದ್ದ ಅಣ್ಣ.

ಅಣ್ಣ ಅಂಗಡಿಯ ಮುಂಭಾಗ ನೋಡಿಕೊಳ್ಳುವವನು. ಅಪ್ಪನ ಕೈ ತಂಗಿಗೆ ಬಂದಿತ್ತು, ಅಣ್ಣನಿಗೆ ಬಂದಿದ್ದು ಬಾಯಿ ಮಾತ್ರ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಧಾರಾಳವಾಗಿ ಸೆಂಟು. ಗಾಜಿನ ಕಪಾಟಿನ ಮುಂದೆ ನಿಂತರೆ ಕಲ್ಲಿಗೂ ಕಥೆ ಕಟ್ಟುತ್ತಿದ್ದ. ಈಚೆಗೆ ಆ ಕಪಾಟಿನಲ್ಲಿ ಇಂಡೋನೇಷ್ಯಾದ ಕಠಾರಿಗಳು ಹೆಚ್ಚಾಗಿದ್ದವು. ಕೆರಿಸ್ ಎನ್ನುತ್ತಾರೆ ಅದಕ್ಕೆ, ಹಾವು ಹರಿದಂತೆ ಬಳುಕುವ ಅಲಗು. ಒಂದೊಂದೂ ತುಕ್ಕು ಹಿಡಿದು, ಅಂಚು ತಿಂದುಹೋಗಿ, ಮಣ್ಣಿನಿಂದ ಈಗ ತಾನೇ ಅಗೆದು ತೆಗೆದಂತೆ. ಪಕ್ಕದಲ್ಲಿ ಅಣ್ಣನ ಕೈಬರಹದ ಚೀಟಿ: ಇನ್ನೂರು ವರ್ಷ ಹಳೆಯದು. ಕೊಳ್ಳುವವರು ಆ ತುಕ್ಕನ್ನು ನೋಡಿ ಕಣ್ಣರಳಿಸುತ್ತಿದ್ದರು. ಹಳೆಯದೆಂದರೆ ಕೊಳೆತಿರಬೇಕು ಎಂದು ನಂಬಿರುವ ಜನ ಅವರು. ಅಂಥವರಿಗೆ ಅಂಥ ಅಂಗಡಿ, ಕಂತೆಗೆ ತಕ್ಕ ಬೊಂತೆ.

ಪಾಯಿಖಾನೆಯ ಹಿಂದೆ ಒಂದು ಮಾರು ಅಗಲದ ಖಾಲಿ ಜಾಗವಿತ್ತು. ಅಲ್ಲಿ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು, ಮುಚ್ಚಳದ ಮೇಲೊಂದು ಕಲ್ಲು. ಆರು ತಿಂಗಳಲ್ಲಿ ತುಕ್ಕಕ್ಕ ಒಮ್ಮೆಯೂ ಆ ಕಲ್ಲನ್ನು ಎತ್ತಲಿಲ್ಲ. ಎತ್ತಿದರೆ ಏನಾದರೂ ಹೇಳಬೇಕಾಗುತ್ತದೆ, ಹೇಳಿದರೆ ಜಗಳ. ಇರುವುದು ಒಬ್ಬ ಅಣ್ಣ, ಅವನ ಜತೆ ಜಗಳ ಯಾಕೆ? ಅದರ ಬದಲು ಹತ್ತು ದಿನಕ್ಕೊಮ್ಮೆ ಫಿನಾಯಿಲ್ ತಂದು ಮೋರಿಗೆ ಸುರಿದಳು. ಖಾಲಿ ಬಾಟಲಿಗಳು ಕಿಟಕಿಯ ಕಟ್ಟೆಯ ಮೇಲೆ ಹದಿನೇಳಾಗಿದ್ದವು.

ದರ್ಜಿ ಅಜ್ಜಿ ಬಂದದ್ದು ಒಂದು ಶನಿವಾರ ಬೆಳಗ್ಗೆ.

ಎರಡು ಬೀದಿ ಆಚೆ ಐವತ್ತು ವರ್ಷ ಕೋಟು, ಲಂಗ, ಶಾಲಾ ಸಮವಸ್ತ್ರ ಹೊಲಿದ ಮುದುಕಿ. ಕಣ್ಣಿಗೆ ಪೊರೆ ಬಂದು ಈಗ ಹೊಲಿಗೆ ಬಿಟ್ಟಿದ್ದಳು. ಅಣ್ಣ ಮುಂದೆ ಬಂದು "ಬನ್ನಿ ಬನ್ನಿ" ಎಂದು ಹಲ್ಲುಗಿಂಜಿದರೆ ಅವನತ್ತ ತಿರುಗದೆ, ಗೋಡೆ ಸವರಿಕೊಂಡು ನೇರವಾಗಿ ಹಿಂದಿನ ಕೋಣೆಗೆ ಬಂದಳು. ಬಂದವಳೇ ಮೂಗು ಮುಚ್ಚಿಕೊಂಡಳು.

"ಏನಮ್ಮ ಇದು, ಹೆಣ ಗಿಣ ಇಟ್ಕೊಂಡಿದೀರಾ?"

"ಮೋರಿ ಅಜ್ಜಿ," ಎಂದಳು ತುಕ್ಕಕ್ಕ. ಎಷ್ಟು ಸಲೀಸಾಗಿ ಬಂತು ಆ ಮಾತು!

ಅಜ್ಜಿ ಚೀಲದಿಂದ ಹಳೆಯ ದಿಂಬಿನ ಕವರು ತೆಗೆದಳು, ಅದರೊಳಗಿಂದ ಮರದ ಒರೆ. ತುಕ್ಕಕ್ಕ ರೂಢಿಯಂತೆ, "ಬಿಚ್ಚೋ ಮುಂಚೆ ಕೈ ತೊಳ್ಕೊಳ್ಳಿ ಅಜ್ಜಿ. ಬೆವರು ತಾಗಬಾರದು," ಎಂದಳು.

ಅಜ್ಜಿಗೆ ಸಿಟ್ಟು ಬಂತು. "ನಲವತ್ತೊಂದು ವರ್ಷದಿಂದ ಇದನ್ನ ಕೈ ತೊಳೆದೇ ಮುಟ್ಟಿರೋದು ನಾನು. ಪ್ರತಿ ತಿಂಗಳು ಒರೆಸಿ ಎಣ್ಣೆ ಹಾಕಿದೀನಿ. ಹೊಲಿಗೆ ಮಿಷಿನ್ ಎಣ್ಣೆ. ಅದು ಬಿಟ್ಟು ಬೇರೆ ಮುಟ್ಟಿಸಿಲ್ಲ."

ತುಕ್ಕಕ್ಕ ಒರೆಯನ್ನು ಮೂಗಿನ ಹತ್ತಿರ ತಂದಳು. ಆ ಹಾಳು ನಾತದ ನಡುವೆಯೂ ಸಿಕ್ಕಿತು: ತೆಳುವಾದ ಮಿಷಿನ್ ಎಣ್ಣೆ, ಅದರ ಕೆಳಗೆ ಹಳೆಯ ಮರ, ಅದಕ್ಕೂ ಕೆಳಗೆ ಬಹಳ ಹಿಂದೆ ಯಾರೋ ಹಚ್ಚಿದ ಗಂಧದೆಣ್ಣೆಯ ಒಂದೆಳೆ. ಆರು ತಿಂಗಳಲ್ಲಿ ಅವಳು ಎದೆ ತುಂಬ ಉಸಿರೆಳೆದುಕೊಂಡದ್ದು ಅದೇ ಮೊದಲು.

"ನಮ್ಮನೆಯವರದು," ಎಂದಳು ಅಜ್ಜಿ. "ಹಡಗಲ್ಲಿ ಅಡುಗೆ ಕೆಲಸ. ಜಾವಾ ದ್ವೀಪದೋರು. ಬಾಯಿ ಬಿಟ್ರೆ ಬರೀ ಬಂಡಲ್. ಶಾರ್ಕ್ ಮೀನಿಗೆ ಸೌಟಲ್ಲಿ ಹೊಡೆದೆ ಅನ್ನೋರು. ಕ್ಯಾಪ್ಟನ್‌ಗೆ ಜ್ವರ ಬಂದಾಗ ಒಂದು ರಾತ್ರಿ ಹಡಗು ನಾನೇ ಓಡಿಸ್ದೆ ಅನ್ನೋರು. ಹಡಗು ನೋಡೋಕೆ ಹೋದ್ರೆ ಅಲ್ಲಿದ್ದೋರು ನಗೋರು. ನಾನೂ ಒಂದು ಮಾತನ್ನೂ ನಂಬ್ತಿರ್ಲಿಲ್ಲ. ಇದನ್ನ ಮಾತ್ರ ಕೈಯಲ್ಲಿಟ್ಟು, ಇದು ನಮ್ಮಜ್ಜನ ಅಜ್ಜಂದು, ಒಬ್ಬರಿಂದ ಒಬ್ಬರಿಗೆ ಬಂದಿದ್ದು ಅಂದ್ರು. ಅದಕ್ಕೂ ನಕ್ಕೆ. ಯಾವ ಬಂದರಿನ ಸಂತೇಲಿ ಸಿಕ್ತು ಹೇಳಿ ಅಂದೆ. ಅವತ್ತು ಅವರು ಉತ್ತರ ಕೊಡಲಿಲ್ಲ."

ಅಜ್ಜಿ ದಿಂಬಿನ ಕವರನ್ನು ಮಡಿಸಿ ಚೀಲಕ್ಕೆ ಹಾಕಿದಳು.

"ಸುಳ್ಳು ಅನ್ಕೊಂಡೂ ಎಣ್ಣೆ ಹಾಕ್ತಾ ಬಂದೆ. ಈಗ ಅವರಿಲ್ಲ, ನನಗೂ ವಯಸ್ಸಾಯ್ತು. ಅವರು ಹೇಳಿದ್ದರಲ್ಲಿ ಒಂದಾದ್ರೂ ನಿಜವಾ ಅಂತ ಗೊತ್ತಾಗಬೇಕು ನನಗೆ. ಮಾರೋಕಲ್ಲ. ಸುಮ್ನೆ ಗೊತ್ತಾಗಬೇಕು."

"ಹದಿನೈದು ದಿನ ಕೊಡಿ. ಹಿಡಿ ಬಿಚ್ಚಿ, ಒಳಗೆಲ್ಲ ಶುಚಿ ಮಾಡಿ, ನೋಡಿ ಹೇಳ್ತೀನಿ. ಒಂದು ಗೀರೂ ಬೀಳಲ್ಲ, ಅದು ನನ್ನ ಜವಾಬ್ದಾರಿ," ಎಂದಳು ತುಕ್ಕಕ್ಕ.

ಒರೆಯಿಂದ ಅಲಗು ಹೊರಬಂದಾಗ ಅವಳಿಗೇ ಅನುಮಾನ ಬಂದಿತ್ತು. ಅಷ್ಟು ಚೆನ್ನಾಗಿತ್ತು ಅದು. ಕಪ್ಪು ಕಬ್ಬಿಣ, ಅದರಲ್ಲಿ ನೀರಿನ ಅಲೆ ನಿಂತಂತೆ ಬೆಳ್ಳಗಿನ ಚಿತ್ತಾರ, ಅಂಚು ಇದ್ದಂತೆಯೇ ಇದೆ. ತುಕ್ಕು ಎಂದರೆ ಬುಡದಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ. ಆದರೆ ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದಿದ್ದಾರಲ್ಲ ಹಿರಿಯರು. ನಾಲ್ಕೈದು ದಿನ ನೋಡಿದಳು. ಬಳುಕುಗಳನ್ನು ಬುಡದಿಂದ ತುದಿಗೆ ಬೆರಳಿಟ್ಟು ಎಣಿಸಿದಳು, ಹನ್ನೊಂದು. ಕೆರಿಸ್‌ಗೆ ಬೆಸ ಸಂಖ್ಯೆಯೇ ಬರಬೇಕು, ಅವಸರದಲ್ಲಿ ನಕಲಿ ಮಾಡುವವರು ಎಷ್ಟೋ ಸಲ ಎಂಟಕ್ಕೋ ಹತ್ತಕ್ಕೋ ನಿಲ್ಲಿಸುತ್ತಾರೆ. ಅಲಗಿನ ಬುಡದಲ್ಲಿ ಅಡ್ಡಕ್ಕೆ ಕೂರುವ ತುಂಡು ಬೇರೆಯೇ ಮಾಡಿ ಜೋಡಿಸಿದ್ದು, ಸಂದಿಗೆ ಕೂದಲೂ ತೂರುವುದಿಲ್ಲ. ನಕಲಿಯಲ್ಲಿ ಅಲ್ಲೊಂದು ಗೆರೆ ಕೊರೆದಿರುತ್ತಾರೆ ಅಷ್ಟೇ. ಚಿತ್ತಾರ ಮೇಲೆ ಬಳಿದದ್ದಲ್ಲ, ಎರಡು ಲೋಹಗಳನ್ನು ಪದರ ಪದರವಾಗಿ ಬಡಿದು ಬಂದದ್ದು. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನವರೆಗೂ ಪದರ ಕಾಣುತ್ತಿತ್ತು.

ಹಿಡಿಯನ್ನು ಎಳೆದು ತೆಗೆಯಬಾರದು. ಬಿಸಿ ಬಟ್ಟೆ ಸುತ್ತಿ, ತಾಳ್ಮೆಯಿಂದ ಒಂದೊಂದೇ ಎಳ್ಳಿನಷ್ಟು ತಿರುಗಿಸಬೇಕು. ಎರಡು ದಿನ ಹಿಡಿಯಿತು. ಬಿಚ್ಚಿದಾಗ ಹಿಡಿಯೊಳಗೆ ಹೋಗುವ ಕಬ್ಬಿಣದ ಕಡ್ಡಿಗೆ ಬಟ್ಟೆ ಸುತ್ತಿತ್ತು, ಅಲುಗಾಡದಿರಲಿ ಎಂದು. ಒಂದರ ಕೆಳಗೊಂದು, ನಾಲ್ಕು ಪದರ, ನಾಲ್ಕೂ ಬೇರೆ ಬೇರೆ ಕಾಲದ ಬಟ್ಟೆ. ಹಿಡಿ ಸಡಿಲವಾದಾಗಲೆಲ್ಲ ಆಯಾ ಕಾಲದವರು ಕೈಗೆ ಸಿಕ್ಕ ಚಿಂದಿ ಸುತ್ತಿ ಬಿಗಿ ಮಾಡಿದ್ದರು. ತುಕ್ಕಕ್ಕ ಅವನ್ನು ಸುರುಳಿ ಬಿಚ್ಚಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಮತ್ತೊಮ್ಮೆ ನೋಡಿದಳು. ಆ ಬಂಡಲ್ ಮನುಷ್ಯ ನಿಜ ಹೇಳಿದ್ದ.

ಬಟ್ಟೆ, ಹಿಡಿ, ಒರೆ, ಅಜ್ಜಿಯ ಹೆಸರು ಬರೆದ ಚೀಟಿ, ಎಲ್ಲವನ್ನೂ ಡ್ರಾಯರಿನಲ್ಲಿಟ್ಟಳು. ಚೀಟಿಯನ್ನು ಅಲಗಿಗೆ ಕಟ್ಟಲಿಲ್ಲ. ಬರಿ ಅಲಗಿಗೆ ದಾರ ಕಟ್ಟಬಾರದು, ದಾರ ತೇವ ಹೀರುತ್ತದೆ, ಅದರ ಗುಂಟ ತುಕ್ಕು ಏಳುತ್ತದೆ. ಇದೂ ಅಪ್ಪನದೇ ಪಾಠ. ಚುಕ್ಕೆ ತುಕ್ಕನ್ನು ನಿಂಬೆರಸ ಅದ್ದಿದ ಹತ್ತಿಯಿಂದ ತೆಗೆದು, ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಬಿಳಿ ಬಟ್ಟೆಯ ಮೇಲೆ ಕಿಟಕಿಯ ಪಕ್ಕದ ಹಲಗೆಯಲ್ಲಿ ಮಲಗಿಸಿದಳು.

ಮರುದಿನ ದವಡೆ ಹಲ್ಲು ಅವಳನ್ನು ಮಲಗಿಸಿತು. ಹಲ್ಲಿನ ಡಾಕ್ಟರು ಕಿತ್ತು ಕಳಿಸಿದ ಮೇಲೆ ಕೆನ್ನೆ ಬನ್ನಿನಂತೆ ಊದಿ, ಬಾಯಿ ತುಂಬ ರಕ್ತ ಮತ್ತು ಔಷಧಿಯ ರುಚಿ ಹತ್ತಿ, ನಾಲ್ಕು ದಿನ ಮನೆಯಲ್ಲಿ ಬಿದ್ದುಕೊಂಡಳು. ಐದನೆಯ ದಿನ ಕೆನ್ನೆಗೆ ಮಫ್ಲರ್ ಕಟ್ಟಿಕೊಂಡು ಅಂಗಡಿಗೆ ಬಂದರೆ ಹಲಗೆಯ ಮೇಲೆ ಬಿಳಿ ಬಟ್ಟೆ ಮಾತ್ರ ಇತ್ತು.

"ಅಣ್ಣಾ, ಇಲ್ಲಿದ್ದ ಕೆರಿಸ್ ಎಲ್ಲಿ?"

ಅಣ್ಣ ಹಲ್ಲುಕಡ್ಡಿಯಿಂದ ಉಗುರು ಕೆರೆಯುತ್ತ ನಿಂತಿದ್ದ. ಉಗುರುಗಳ ಸಂದಿಯಲ್ಲಿ ಹಳದಿ ಕಪ್ಪು ಏನೋ.

"ಆ ಹೊಸದಾ? ಅದನ್ನೂ ಸೇರಿಸ್ದೆ."

"ಏನಕ್ಕೆ ಸೇರಿಸ್ದೆ?"

"ಮೋರಿ..." ಎಂದು ಬಾಯಿ ತೆಗೆದವನು ತಂಗಿಯ ಮುಖ ನೋಡಿ ನಿಲ್ಲಿಸಿದ. "ಅಯ್ಯೋ, ನಿನಗೆ ಗೊತ್ತಿಲ್ವೇನೇ? ಡ್ರಮ್ಮಿಗೆ. ಹೊಸ ಮಾಲು ಬಂದಿತ್ತು ಒಂಬತ್ತು. ಇದೂ ಒಂದು ಬಿಟ್ಟು ಹೋಗಿತ್ತು ಅನ್ಕೊಂಡೆ. ಒಂದು ಚೂರು ತುಕ್ಕಿಲ್ಲ, ಅಂಚೆಲ್ಲ ನೀಟಾಗಿದೆ. ನೋಡಿದ್ರೆ ನಿನ್ನೆ ಮಾಡಿದ ಹಾಗಿತ್ತು. ಇದನ್ನ ಯಾರು ಹಳೇದು ಅಂತ ನಂಬ್ತಾರೆ?"

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಹೊಸದನ್ನು ಕೊಳೆಸಿ ಕೊಳೆಸಿ ಹಳತು ಮಾಡಿದವನ ಕಣ್ಣಿಗೆ, ನಾಲ್ಕು ತಲೆಮಾರು ಜೋಪಾನ ಮಾಡಿದ ಹಳತು ಹೊಸದಾಗಿ ಕಂಡಿತ್ತು.

ತುಕ್ಕಕ್ಕ ಓಡಿದಳು. ಆರು ತಿಂಗಳು ಎತ್ತದ ಕಲ್ಲನ್ನು ಎತ್ತಿ ಎಸೆದು ಮುಚ್ಚಳ ತೆಗೆದಳು. ನಾತ ಬಿಸಿ ಆವಿಯಂತೆ ಮುಖಕ್ಕೆ ಬಡಿಯಿತು. ಮೇಲೆ ಕೆನೆ ಕಟ್ಟಿದ ಕಂದು ನೊರೆ, ಅದರಲ್ಲಿ ಮೀನಿನ ಕರುಳು, ಒಂದು ಕಣ್ಣು ಕೂಡ ತೇಲುತ್ತಿತ್ತು. ಅಂಚಿನ ಗುಂಟ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು. ಕಿತ್ತ ಹಲ್ಲಿನ ಗಾಯಕ್ಕೆ ಕಹಿ ಏರಿ, ಅಲ್ಲೇ ಗೋಡೆ ಹಿಡಿದು ಎರಡು ಸಲ ವಾಂತಿ ಮಾಡಿಕೊಂಡಳು. ಆಮೇಲೆ ರಬ್ಬರ್ ಕೈಗವಸು ಹಾಕಿಕೊಂಡು ಇಕ್ಕಳ ಇಳಿಬಿಟ್ಟಳು. ಒಂದೊಂದೇ ಅಲಗು ಲೋಳೆ ಸುರಿಸುತ್ತ ಮೇಲೆ ಬಂತು. ಯಾವುದು ಅಜ್ಜಿಯದು ಎಂದು ಕಣ್ಣಿಗೆ ತಿಳಿಯಲಿಲ್ಲ. ಹತ್ತೂ ಒಂದೇ ರೀತಿ ಕೊಳೆತಿದ್ದವು. ಕೊನೆಗೆ ಬಳುಕು ಎಣಿಸಿ, ಬುಡದ ತುಂಡು ಸಡಿಲವಾಗಿ ಅಲ್ಲಾಡುವುದನ್ನು ನೋಡಿ ಗುರುತು ಹಿಡಿದಳು.

ಸೋಡಾ ಪುಡಿಯಲ್ಲಿ ಆಸಿಡ್ ಮುರಿದಳು, ಬ್ರಷ್ಷಿನಿಂದ ಉಜ್ಜಿದಳು, ತೊಳೆದಳು, ಒಣಗಿಸಿದಳು, ಎಣ್ಣೆ ಹಾಕಿದಳು, ಮತ್ತೆ ಮೊದಲಿನಿಂದ ಅಷ್ಟನ್ನೂ ಮಾಡಿದಳು. ಚಿತ್ತಾರ ಹೋಗಿತ್ತು. ಅಂಚನ್ನು ಇಲಿ ಕಡಿದಂತಿತ್ತು, ಮೈ ತುಂಬ ಸಿಡುಬಿನ ಕಲೆಯಂಥ ಗುಳಿಗಳು. ತುದಿ ಮುಟ್ಟಿದರೆ ಪುಡಿ ಉದುರುತ್ತಿತ್ತು. ನಾತ ಮಾತ್ರ ಅದರೊಳಗೆ ಕೂತಿತ್ತು, ಏಳಲಿಲ್ಲ.

ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವನಿಗೂ ಸ್ವಲ್ಪ ಮುಖ ಇಳಿದಿತ್ತು, ಆದರೆ ಅವನ ಮುಖ ಇಳಿದರೂ ಬಾಯಿ ಇಳಿಯುವುದಿಲ್ಲ.

"ಆಗಿದ್ದು ಆಗ್ಹೋಯ್ತು. ನಾನು ಬೇಕಂತ ಮಾಡಿದ್ನಾ? ಈಗ ದಾರಿ ನೋಡೋಣ. ಮುದುಕಿಗೆ ಏನಾದ್ರೂ ಹೇಳಿದೀಯಾ, ಇದು ಅಸಲಿ ಅಂತ?"

"ಇಲ್ಲ. ಶನಿವಾರ ಬರ್ತಾರೆ."

"ಹಾಗಾದ್ರೆ ಮುಗೀತಲ್ಲ! ನಕಲಿ ಅಂತ ಹೇಳು. ಹೇಗಿದ್ರೂ ಗಂಡ ಸುಳ್ಳ ಅಂತ ಅವಳೇ ಹೇಳಿದಾಳೆ. ಇನ್ನೊಂದು ಸುಳ್ಳು ಅಂದ್ರೆ ಅವಳಿಗೇನು ಆಕಾಶ ಬೀಳುತ್ತಾ? ಬರೀ ಕಬ್ಬಿಣ, ತೊಳೆದ್ರೆ ಬಣ್ಣ ಬಿಟ್ಟೋಯ್ತು ಅನ್ನು. ಬೇಕಿದ್ರೆ ಕಪಾಟಿಂದ ಒಂದು ಚೆನ್ನಾಗಿರೋದನ್ನ ಕೊಡೋಣ. ಖುಷಿಯಾಗಿ ಹೋಗ್ತಾಳೆ. ನಿಜ ಹೇಳಿದ್ರೆ ಊರೆಲ್ಲ ಹೇಳ್ತಾಳೆ, ಅಂಗಡಿ ಮುಳುಗುತ್ತೆ. ಅಪ್ಪನ ಅಂಗಡಿ ಕಣೇ ಇದು."

ಅಪ್ಪನ ಹೆಸರು ಆ ಬಾಯಿಂದ ಬಂದಾಗ ಸೆಂಟಿನ ವಾಸನೆಯೂ ಡ್ರಮ್ಮಿನ ವಾಸನೆಯೂ ಕಲೆತು ಬಂತು. ತುಕ್ಕಕ್ಕನಿಗೆ ಅಸಹ್ಯವಾಯಿತು. ಅಣ್ಣನ ಬಗ್ಗೆ ಅಷ್ಟೇ ಆಗಿದ್ದರೆ ಸರಿ ಇತ್ತು. ಅವನು ಹೇಳಿದ ದಾರಿ ತನಗೂ ಒಂದು ಗಳಿಗೆ ಹಾಯ್ ಎನಿಸಿತಲ್ಲ, ಹೇಸಿಗೆ ಹುಟ್ಟಿದ್ದು ಅದಕ್ಕೆ. ಒಂದೇ ಒಂದು ಮಾತು, ನಕಲಿ. ಸತ್ತವನೇನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ? ಮೂರು ದಿನ ಅವಳು ಆ ಮಾತನ್ನು ಊದಿದ ಕೆನ್ನೆಯೊಳಗೆ ಆಚೆ ಈಚೆ ಹೊರಳಿಸುತ್ತಲೇ ಇದ್ದಳು.

ಶನಿವಾರ ಅಜ್ಜಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಮೇಜಿನೆದುರಿನ ಕುರ್ಚಿಯಲ್ಲಿ ಕೂತಳು. ತಲೆ ಬಾಚಿ, ಒಳ್ಳೆಯ ಕೋಟು ಹಾಕಿಕೊಂಡಿದ್ದಳು. ಅಣ್ಣ ಪರದೆಯ ಹತ್ತಿರ ನಿಂತು, ಅಜ್ಜಿಗೆ ಕಾಣದೆಂದು ಗೊತ್ತಿದ್ದರಿಂದ, ತಂಗಿಗೆ ತಲೆಯಾಡಿಸಿ ಸನ್ನೆ ಮಾಡುತ್ತಿದ್ದ.

"ಹೇಳಮ್ಮ," ಎಂದಳು ಅಜ್ಜಿ. "ಸುಳ್ಳೇ ತಾನೇ? ಪರವಾಗಿಲ್ಲ, ಹೇಳ್ಬಿಡು. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಅಭ್ಯಾಸ ಆಗಿದೆ."

ಹೌದು ಎಂದರೆ ಸಾಕಿತ್ತು. ಆದರೆ ಅಜ್ಜಿಯ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು.

"ನಿಜ ಅಜ್ಜಿ," ಎಂದಳು ತುಕ್ಕಕ್ಕ. ಪರದೆಯ ಹತ್ತಿರ ಅಣ್ಣ ಹಣೆ ಚಚ್ಚಿಕೊಂಡ.

"ಏನು ನಿಜ?"

"ಅವರು ಹೇಳಿದ್ದು. ಹಳೇದು ಅದು, ಅಸಲಿ. ನನ್ನ ಮಾತು ನಂಬಬೇಡಿ, ನೀವೇ ಮುಟ್ಟಿ ನೋಡಿ." ಡ್ರಾಯರಿನಿಂದ ಬಿಳಿ ಕಾಗದ ತೆಗೆದು ಮೊದಲ ಚಿಂದಿಯನ್ನು ಅಜ್ಜಿಯ ಬೆರಳಿಗೆ ಕೊಟ್ಟಳು. "ಹಿಡಿಯೊಳಗೆ ಸುತ್ತಿದ್ದ ಬಟ್ಟೆ. ಇದು ಎಲ್ಲಕ್ಕಿಂತ ಮೇಲಿದ್ದಿದ್ದು."

ಅಜ್ಜಿಯ ಬೆರಳು ಅಂಚಿನ ಮೇಲೆ ಹರಿದು ಗಕ್ಕನೆ ನಿಂತಿತು. "ಇದು ನನ್ನ ಕತ್ತರಿಯದು! ಹಲ್ಲು ಹಲ್ಲು ಅಂಚು ಬರುತ್ತಲ್ಲ, ಆ ಕತ್ತರಿ. ಅವರಿಗೆ ಮೊದಲ ಸಲ ಕೋಟು ಹೊಲಿದಾಗ ಮಿಕ್ಕಿದ್ದ ಒಳಪದರ ಇದು. ಕಳ್ಳ! ಎಲ್ಲಿ ಹೋಯ್ತು ಅಂತ ಹುಡುಕಿದೀನಿ ನಾನು."

ಎರಡನೆಯದನ್ನು ಮುಟ್ಟಿ, "ಮಿಲ್ಲಿನ ಬಟ್ಟೆ, ಹಳೇ ಕಾಲದ್ದು, ಈಗ ಇಷ್ಟು ಗಟ್ಟಿ ಬರಲ್ಲ," ಎಂದಳು. ಮೂರನೆಯದಕ್ಕೆ, "ಕೈಮಗ್ಗ," ಎಂದಳು. ನಾಲ್ಕನೆಯದನ್ನು ಬಹಳ ಹೊತ್ತು ಹೆಬ್ಬೆರಳಿನಲ್ಲಿ ಸವರಿದಳು. ದಪ್ಪ ಸಣ್ಣ ದಪ್ಪ ಸಣ್ಣವಾದ ನೂಲು. "ಇದು ಕೈಯಲ್ಲೇ ತೆಗೆದ ನೂಲು. ಯಾರೋ ಹೆಂಗಸು ತೆಗೆದಿರೋದು, ಗಂಡಸರಿಗೆ ಇಷ್ಟು ತಾಳ್ಮೆ ಇರಲ್ಲ. ಇನ್ನೊಂದೆಲ್ಲಿ?"

"ಇಷ್ಟೇ ಅಜ್ಜಿ, ನಾಲ್ಕು. ಒಬ್ಬೊಬ್ಬರ ಕಾಲದ್ದು ಒಂದೊಂದು ಅಂತ ಇಟ್ಕೊಂಡ್ರೆ ಅವರದು, ಅವರಪ್ಪಂದು, ಅಜ್ಜಂದು, ಮುತ್ತಜ್ಜಂದು."

ಅಜ್ಜಿ ಲೆಕ್ಕ ಹಾಕಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಜ್ಜನ ಅಜ್ಜ ಅಂದಿದ್ರು. ಒಂದು ತಲೆಮಾರು ಸೇರಿಸಿದಾರೆ ನೋಡು! ಅದು ಅವರೇ, ಅಪ್ಪಟ ಅವರೇ." ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ನಲವತ್ತೊಂದು ವರ್ಷ ಅವರನ್ನ ಸುಳ್ಳ ಅಂದೆನಲ್ಲಮ್ಮ. ಕೊಡು ಅದನ್ನ. ಒಂದ್ಸಲ ಕೈಯಲ್ಲಿ ಹಿಡ್ಕೋತೀನಿ."

ಈ ನಗುವಿನ ಮೇಲೆ ಅದನ್ನು ತಂದಿಡಬೇಕಾಗಿತ್ತು. ತುಕ್ಕಕ್ಕ ತಂದಿಟ್ಟಳು.

ಅಜ್ಜಿಯ ಬೆರಳು ಅಲಗಿನ ಬುಡದಿಂದ ಹೊರಟು, ಮೊದಲ ಬಳುಕಿನಲ್ಲೇ ನಿಂತಿತು. ಗುಳಿಗಳನ್ನು ಮುಟ್ಟಿತು. ಅಂಚಿಗೆ ಹೋಗಿ, ಹರಿದ ಬಟ್ಟೆಯನ್ನು ಮುಟ್ಟುವಂತೆ ಮೆಲ್ಲಗೆ ಮುಟ್ಟಿತು. ಬೆರಳಿಗೆ ಬಂದ ಪುಡಿಯನ್ನು ಅಜ್ಜಿ ಮೂಸಿದಳು.

"ಇದು ಯಾವುದು?"

"ಅದೇ ಅಜ್ಜಿ."

"ಅಲ್ಲ. ಇದು ನಂದಲ್ಲ. ಇದು ನಾರ್ತಿದೆ."

ಪರದೆಯ ಹಿಂದಿನಿಂದ ಅಣ್ಣನ ಧ್ವನಿ ಬಂತು. "ಅದು ಮೋರಿ ಅಜ್ಜಿ! ಕಟ್ಕೊಂಡಿದೆ, ಹೇಳಿ ಕಳಿಸಿದೀವಿ!" ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಮೋರಿ ಸರಿಯಾಗಿದೆ ಅಜ್ಜಿ," ಎಂದಳು ತುಕ್ಕಕ್ಕ. "ಹಿಂದುಗಡೆ ಒಂದು ಡ್ರಮ್ಮಿದೆ. ಹೊಸ ಕಠಾರಿ ಹಳೇದಾಗಿ ಕಾಣಲಿ ಅಂತ ಅದರಲ್ಲಿ ಆಸಿಡ್ಡು, ಉಚ್ಚೆ, ಕೊಳೆತ ಮೀನು ಹಾಕಿ ಅದ್ದಿಡ್ತಾರೆ. ನಿಮ್ಮದು ಅಷ್ಟು ಚೆನ್ನಾಗಿತ್ತು, ಹೊಸದು ಅನ್ಕೊಂಡು ಅದಕ್ಕೆ ಹಾಕಿದಾರೆ. ನಾಲ್ಕು ದಿನ ಅದರಲ್ಲಿತ್ತು. ಇದನ್ನ ಸರಿ ಮಾಡೋಕೆ ಆಗಲ್ಲ. ನನ್ನ ಕೈಲಾಗಲ್ಲ, ಯಾರ ಕೈಲೂ ಆಗಲ್ಲ."

ಅಜ್ಜಿಯ ಬೆರಳು ಅಲಗಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಕೊನೆಗೆ ಕೇಳಿದಳು.

"ನಿನಗೆ ನಾತ ಬರ್ತಿರ್ಲಿಲ್ವಾ?"

"ಬರ್ತಿತ್ತು."

"ಎಷ್ಟು ದಿನದಿಂದ?"

"ಆರು ತಿಂಗಳಿಂದ."

"ನಾನು ಅವತ್ತು ಕೇಳಿದ್ದಕ್ಕೆ ಮೋರಿ ಅಂದೆ."

"ಹೌದಜ್ಜಿ."

ಅಜ್ಜಿ ತಲೆದೂಗಿದಳು. "ನಮ್ಮನೆಯವರು ಸುಳ್ಳು ಹೇಳ್ತಿದ್ರು," ಎಂದಳು ಮೆಲ್ಲಗೆ. "ಆದ್ರೆ ನಾರ್ತಿರ್ಲಿಲ್ಲ."

ಅಣ್ಣ ಪರದೆ ಸರಿಸಿ ಒಳಗೆ ಬಂದ. ಕೈಯಲ್ಲಿ ಕಪಾಟಿನ ಕಠಾರಿಯೊಂದು, ಎಲ್ಲಕ್ಕಿಂತ ಚೆನ್ನಾಗಿ ತುಕ್ಕು ಹಿಡಿದದ್ದು. "ಅಜ್ಜಿ, ಇದನ್ನ ತಗೊಳ್ಳಿ, ನಮ್ಮ ಕಡೆಯಿಂದ..." ಅಜ್ಜಿ ಅವನತ್ತ ತಿರುಗಲಿಲ್ಲ. ಸೊಳ್ಳೆ ಓಡಿಸುವಂತೆ ಕೈ ಬೀಸಿದಳು ಅಷ್ಟೇ. ಅವನು ಸ್ವಲ್ಪ ಹೊತ್ತು ನಿಂತು, ತಂದದ್ದನ್ನು ಹಿಡಿದುಕೊಂಡೇ ವಾಪಸು ಹೋದ.

"ಬರೆದು ಕೊಡು," ಎಂದಳು ಅಜ್ಜಿ. "ಅಸಲಿ ಅಂತ ಬರಿ. ಇಲ್ಲಿಗೆ ಬಂದಾಗ ಹೇಗಿತ್ತು ಅಂತ ಬರಿ. ಇಲ್ಲಿ ಏನಾಯ್ತು ಅಂತಾನೂ ಬರಿ."

ತುಕ್ಕಕ್ಕ ಅಪ್ಪನ ಕಾಲದ ದಪ್ಪ ಕಾಗದ ತೆಗೆದು ಬರೆದಳು. ಹನ್ನೊಂದು ಬಳುಕು, ಬೇರೆಯಾಗಿ ಜೋಡಿಸಿದ ಬುಡ, ನಾಲ್ಕು ಕಾಲದ ಬಟ್ಟೆ, ಅಸಲಿ. ಒಡತಿ ನಲವತ್ತೊಂದು ವರ್ಷ ಜೋಪಾನ ಮಾಡಿದ್ದು. ನಮ್ಮ ಅಂಗಡಿಯ ಡ್ರಮ್ಮಿನಲ್ಲಿ ನಾಲ್ಕು ದಿನಕ್ಕೆ ಹಾಳಾಯಿತು. ನಾತ ಬರುತ್ತಿದ್ದರೂ ನಾನು ಸುಮ್ಮನಿದ್ದೆ. ಕೆಳಗೆ ಹೆತ್ತವರಿಟ್ಟ ಹೆಸರಿನಲ್ಲಿ ರುಜು ಹಾಕಿ, ಅಂಗಡಿಯ ಮೊಹರು ಒತ್ತಿದಳು. ಓದಿ ಹೇಳಿದಾಗ ಮುಂಭಾಗದಲ್ಲಿ ಯಾವುದೋ ಗಾಜಿನ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಅಜ್ಜಿ ಕಾಗದವನ್ನು ಕೋಟಿನ ಒಳಜೇಬಿಗೆ ಸೇರಿಸಿದಳು. ಆಮೇಲೆ ಚೀಲದಿಂದ ಉದ್ದ ಮೂತಿಯ ಸಣ್ಣ ಎಣ್ಣೆಡಬ್ಬಿ ತೆಗೆದಳು, ಮಡಿಸಿದ ಮೆತ್ತನೆಯ ಬಟ್ಟೆ ತೆಗೆದಳು. ಹೊಲಿಗೆ ಮಿಷಿನ್ನಿನ ಎಣ್ಣೆ. ತಿಂಗಳ ಎಣ್ಣೆ ಹಾಕುವ ದಿನ ಬಂದಿತ್ತು, ಹಾಗಾಗಿ ತಂದಿದ್ದಳು. ತಿಂದುಹೋದ ಅಲಗಿನ ಮೇಲೆ ಒಂದೊಂದೇ ಹನಿ ಬಿಡಲು ಹೋದರೆ ಪೊರೆ ಬಂದ ಕಣ್ಣಿಗೆ ಗುರಿ ತಪ್ಪಿ ಎಣ್ಣೆ ಮೇಜಿಗೆ ಬಿತ್ತು.

"ಕೊಡಿ ಅಜ್ಜಿ, ನಾನು ಹಿಡ್ಕೋತೀನಿ," ಎಂದು ತುಕ್ಕಕ್ಕ ಕೈ ಚಾಚಿದಳು.

ಅಜ್ಜಿ ಅಲಗನ್ನು ಎದೆಯ ಹತ್ತಿರ ಎಳೆದುಕೊಂಡಳು.

"ಕೈ ತೊಳ್ಕೊಂಡು ಬಾ ಮೊದಲು."

ತುಕ್ಕಕ್ಕ ಎದ್ದು ಹೋದ‌ಳು. ಹದಿನೇಳು ಬಾಟಲಿಗಳ ಪಕ್ಕದ ನಲ್ಲಿಯಲ್ಲಿ ಸೋಪು ಹಾಕಿ ಉಜ್ಜಿದಳು, ನಿಂಬೆಹಣ್ಣಿನ ಹೋಳಿನಿಂದ ಉಗುರಿನ ಸಂದಿಯೆಲ್ಲ ತಿಕ್ಕಿದಳು, ಮತ್ತೆ ಸೋಪು ಹಾಕಿದಳು. ಒರೆಸಿಕೊಂಡು ಬಂದು ಕೈ ಮುಂದಿಟ್ಟಳು. ಅಜ್ಜಿ ಆ ಅಂಗೈಯನ್ನು ಹಿಡಿದು ಮೂಗಿನ ಹತ್ತಿರ ತಂದಳು.

"ಇನ್ನೂ ಇದೆ," ಎಂದಳು. "ಹೋಗು. ನಾನು ಕೂತಿರ್ತೀನಿ."

ತುಕ್ಕಕ್ಕ ಮತ್ತೆ ಹೋಗಿ ನಲ್ಲಿ ತಿರುಗಿಸಿದಳು.